ಫಿಸಿಯೋ 'ಮಾಡಿಸುವುದು' ಅಲ್ಲ, ಮಾಡುವುದು

ಗಡಿಯಾಚೆಯ ಕನ್ನಡ ಶಾಲೆಯವರು ಬರೆಯಲು ಕೂತರೆ ಬರೆಯುವ ವಿಷಯ ಹೆಚ್ಚುಕಡಿಮೆ ಒಂದೇ. ಪಠ್ಯಪುಸ್ತಕ ತಡವಾಯಿತು, ಮೇಷ್ಟ್ರ ಹುದ್ದೆ ಖಾಲಿ ಇದೆ, ಹತ್ತನೇ ತರಗತಿಯ ತಮಿಳು ಪತ್ರಿಕೆಗೆ ಏನು ಮಾಡೋದು... ಇವೆಲ್ಲ ಬರೆಯಬೇಕಾದ್ದೇ. ಆದರೆ ಈ ಸಲ ನಾವು ಹೇಳಹೊರಟಿರುವುದು ಮಕ್ಕಳಿಗಿಂತ ಹೆಚ್ಚಾಗಿ ಅವರ ಅಜ್ಜ-ಅಜ್ಜಿಯರ ವಿಷಯ. ಮಂಡಿ ಮಡಚಲಾಗದವರು, ಲಕ್ವ ಹೊಡೆದು ಒಂದು ಕೈ ಬಿದ್ದುಹೋದವರು, ಬೈಕಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಇವರಿಗೆಲ್ಲ ಡಾಕ್ಟರು ಕೊನೆಗೆ ಹೇಳುವ ಮಾತು ಒಂದೇ: "ಫಿಸಿಯೋ ಮಾಡಿಸಿ."

ಈ 'ಮಾಡಿಸಿ' ಅನ್ನುವ ಪದದಲ್ಲೇ ತೊಡಕು ಶುರುವಾಗುತ್ತದೆ. ಸ್ಕ್ಯಾನ್ ಮಾಡಿಸಿದ ಹಾಗೆ, ಆಪರೇಷನ್ ಮಾಡಿಸಿದ ಹಾಗೆ ಇದನ್ನೂ ಯಾರೋ ನಮಗೆ ಮಾಡುತ್ತಾರೆ, ನಾವು ಮಲಗಿದ್ದರೆ ಸಾಕು ಅಂತ ಜನ ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ ಎರಡು ಸಲ, ಸಲಕ್ಕೆ ಅರ್ಧ ಗಂಟೆಯಂತೆ ಥೆರಪಿಸ್ಟರ ಹತ್ತಿರ ಹೋದರೂ ವಾರದ 168 ಗಂಟೆಯಲ್ಲಿ ಅದು ಒಂದು ಗಂಟೆ. ಉಳಿದ 167 ಗಂಟೆ ಆ ಮಂಡಿ, ಆ ಭುಜ, ಆ ಕೈ ಮನೆಯಲ್ಲೇ ಇರುತ್ತದೆ. ಆ ಒಂದು ಗಂಟೆಯಲ್ಲಿ ಕಲಿತದ್ದು ಉಳಿದ ಗಂಟೆಗಳಲ್ಲಿ ನಡೆದರೆ ಮಾತ್ರ ಕೀಲು ಸಡಿಲವಾಗುತ್ತದೆ, ಸ್ನಾಯುವಿಗೆ ಬಲ ಬರುತ್ತದೆ. ನಡೆಯದಿದ್ದರೆ ಮೂರು ತಿಂಗಳಲ್ಲಿ ಕೀಲು ಬಿಗಿದುಕೊಳ್ಳುತ್ತದೆ, ಆಮೇಲೆ "ಫಿಸಿಯೋ ಮಾಡಿಸಿದ್ವಿ, ಏನೂ ಪ್ರಯೋಜನ ಆಗಲಿಲ್ಲ" ಅನ್ನುವ ಮಾತು ಉಳಿಯುತ್ತದೆ. ಈ ಮಾತನ್ನು ನಾವು ಕೇಳಿದಷ್ಟು ಸಲ ಬೇರೆ ಯಾವ ಚಿಕಿತ್ಸೆಯ ಬಗ್ಗೆಯೂ ಕೇಳಿಲ್ಲ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಭಾಗದ ರೋಗಿಗೆ ಬೇಕಾಗಿರುವ ಮೊದಲ ಉಪಕರಣ ಬೆಲ್ಟೂ ಅಲ್ಲ, ಮಸಾಜ್ ಮೆಷಿನ್ನೂ ಅಲ್ಲ. ತನ್ನ ಮಾತಿನಲ್ಲಿ, ತನಗಾಗಿಯೇ ಬರೆದ ಒಂದು ನೋಟ್‌ಬುಕ್ಕು. ಅದನ್ನು ಬರೆದುಕೊಡಲು ನಮ್ಮ ಶಾಲೆಗಳಿಗಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ.

ನಮ್ಮ ಕಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಹಿಂದೆ ಇದೆಲ್ಲ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆ, ತಳಿ, ಶೂಲಗಿರಿ ಈಗ ಕೃಷ್ಣಗಿರಿಗೆ ಸೇರಿವೆ, ಕನ್ನಡ ಮಾಧ್ಯಮ ಹೆಚ್ಚಾಗಿ ಉಳಿದಿರುವುದೂ ಆ ಕಡೆಯೇ. ಆದರೆ ನಮ್ಮ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಧರ್ಮಪುರಿ ಜಿಲ್ಲೆಯೇ! ಇತ್ತ ಸೇಲಂ ಪಟ್ಟಣದಲ್ಲಿ ಮಗ್ಗದ ಕೆಲಸದ ದೇವಾಂಗದವರ ಮನೆಗಳಲ್ಲಿ ಕನ್ನಡ ಮಾತಾಡುತ್ತಾರೆ. ಮಾತು ಕನ್ನಡ, ಓದು-ಬರಹ ತಮಿಳು. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಈ ಮೂರು ಜಿಲ್ಲೆಗಳ ಮೈನೋವಿಗೂ ಇಲ್ಲಿನದೇ ಕಾರಣಗಳಿವೆ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತು, ಕಾಲಲ್ಲಿ ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುವವರ ಸೊಂಟ ಮತ್ತು ಭುಜ ಐವತ್ತರ ಹೊತ್ತಿಗೆ ಏನಾಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇನ್ನೊಂದು ಕಾರಣ ಹೆದ್ದಾರಿ. ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ ಹಾದು ಸೇಲಂಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಪ್ಪೂರು ಘಾಟ್ ಇದೆ. ಅಲ್ಲಿನ ಅಪಘಾತಗಳ ಸುದ್ದಿ ಪೇಪರಿನಲ್ಲಿ ಓದದ ವರ್ಷವೇ ಇಲ್ಲ. ಅಪಘಾತಕ್ಕೊಳಗಾದವರ ಮೊದಲ 48 ಗಂಟೆಯ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಭರಿಸುವ ಯೋಜನೆಯನ್ನು ತಮಿಳುನಾಡು 2021ರ ಡಿಸೆಂಬರಿನಲ್ಲಿ ತಂದಿತು. ಒಳ್ಳೆಯ ಯೋಜನೆ, ಪ್ರಾಣ ಉಳಿಸುವಂಥದ್ದು. ಆದರೆ ಮುರಿದ ತೊಡೆಮೂಳೆಯ ಕಥೆ 48 ಗಂಟೆಗೆ ಮುಗಿಯುವುದಿಲ್ಲವಲ್ಲ. ಅದು ಮನೆಯ ಮಂಚದ ಮೇಲೆ ಇನ್ನೂ ಎಷ್ಟೋ ತಿಂಗಳು ನಡೆಯುತ್ತದೆ.

ಮೂರನೆಯದು ನೀರು. ಧರ್ಮಪುರಿ-ಕೃಷ್ಣಗಿರಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ ಒಂದೂವರೆ ಮಿಲಿಗ್ರಾಂ. ಅದಕ್ಕಿಂತ ಹೆಚ್ಚು ಇರುವ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ. ಇನ್ನೂ ಹೆಚ್ಚಿನ ಪ್ರಮಾಣ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮೂಳೆಯಲ್ಲಿ ಕೂತು ಕುತ್ತಿಗೆ, ಬೆನ್ನು, ಕೀಲುಗಳು ಪೆಡಸಾಗುತ್ತವೆ. ಇದಕ್ಕೆಂದೇ ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆಗೆ 2008ರಲ್ಲಿ ಅಡಿಗಲ್ಲು ಬಿತ್ತು, ಜಪಾನಿನ ಸಾಲದ ನೆರವಿನಲ್ಲಿ ನಡೆದ ಕಾಮಗಾರಿ 2013ರಲ್ಲಿ ಉದ್ಘಾಟನೆಯಾಯಿತು. 2008ರಲ್ಲಿ ಕರ್ನಾಟಕದಲ್ಲಿ ಈ ಯೋಜನೆಯ ವಿರುದ್ಧ ದೊಡ್ಡ ಚಳವಳಿ ನಡೆದದ್ದು ನಿಮಗೆ ನೆನಪಿರಬಹುದು. ಗಡಿ, ನೀರಿನ ಪಾಲು, ಅವರವರ ವಾದ ಅವರವರಿಗೆ. ನಾವು ಹೇಳುವುದಿಷ್ಟೇ, ಆ ನೀರಿಗಾಗಿ ಕಾದವರಲ್ಲಿ ಕನ್ನಡ ಮಾತಾಡುವವರೂ ಇದ್ದರು. ಇರಲಿ. ವ್ಯಾಯಾಮದ ವಿಷಯಕ್ಕೆ ಬಂದರೆ, ಫ್ಲೋರೈಡಿನಿಂದ ಪೆಡಸಾದ ಬೆನ್ನಿಗೆ ವ್ಯಾಯಾಮ ಇರುವ ಚಲನೆಯನ್ನು ಉಳಿಸಿಕೊಡಬಲ್ಲದೇ ಹೊರತು ಮೂಳೆ ಸೇರಿದ ಫ್ಲೋರೈಡನ್ನು ತೆಗೆಯಲಾರದು. ಅಂಥವರ ನೋಟ್‌ಬುಕ್ಕಿನ ಮೊದಲ ಸಾಲು ವ್ಯಾಯಾಮದ್ದಲ್ಲ, "ಕುಡಿಯುವ ನೀರು ಎಲ್ಲಿಯದು?" ಎಂಬ ಪ್ರಶ್ನೆಯಾಗಿರಬೇಕು.

ಸರ್ಕಾರಿ ಫಿಸಿಯೋಥೆರಪಿ ನಮ್ಮ ಕಡೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಮನೆ ಬಾಗಿಲಿಗೇ ಬರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರುವಾದದ್ದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. (ತಮಿಳಿನ 'ಮಕ್ಕಳ್' ಅಂದರೆ ಜನ, ಕನ್ನಡದ ಮಕ್ಕಳಲ್ಲ. ಈ ಹೆಸರನ್ನು ಕೇಳಿ ಇದು ಮಕ್ಕಳ ಡಾಕ್ಟರ ಯೋಜನೆ ಅಂದುಕೊಂಡ ಅಜ್ಜಿಯರಿದ್ದಾರೆ!) ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮನೆಗೆ ತಂದುಕೊಡುವುದರ ಜೊತೆಗೆ, ಹಾಸಿಗೆ ಹಿಡಿದವರಿಗೆ ಫಿಸಿಯೋಥೆರಪಿಯೂ ಅದರಲ್ಲಿ ಸೇರಿತು. 2024ರಲ್ಲಿ ವಿಶ್ವಸಂಸ್ಥೆಯ ಕಾರ್ಯಪಡೆಯೊಂದರ ಪ್ರಶಸ್ತಿ ಕೂಡ ಬಂತು. ಊರಿಂದ ಊರಿಗೆ ಗಾಡಿಯಲ್ಲಿ ಸುತ್ತುವ ಥೆರಪಿಸ್ಟರ ಕಷ್ಟವನ್ನು ನಾವು ನೋಡಿದ್ದೇವೆ, ಅವರ ಮೇಲೆ ನಮಗೆ ದೂರಿಲ್ಲ. ಒಬ್ಬರ ಕೈಯಲ್ಲಿ ಅಷ್ಟೊಂದು ಹಳ್ಳಿ ಇರುವಾಗ ಒಂದು ಮನೆಗೆ ಎಷ್ಟು ಸಲ ಬಂದಾರು? ಬಂದಾಗ ತೋರಿಸಿಕೊಡುತ್ತಾರೆ, ಹೋಗುವಾಗ ಚೀಟಿ ಕೊಡುತ್ತಾರೆ. ಆ ಚೀಟಿ ತಮಿಳಿನಲ್ಲಿರುತ್ತದೆ, ಖಾಸಗಿ ಆಸ್ಪತ್ರೆಯದಾದರೆ ಇಂಗ್ಲಿಷಿನಲ್ಲಿ. ತಮಿಳುನಾಡಿನಲ್ಲಿ ತಮಿಳು ಚೀಟಿ ಕೊಡುವುದು ಸರಿಯೇ. ಕನ್ನಡ ಶಾಲೆಯಲ್ಲಿ ನಾಲ್ಕನೆಯದೋ ಏಳನೆಯದೋ ಓದಿ ನಿಲ್ಲಿಸಿದ ಅರವತ್ತೈದರ ಅಜ್ಜನಿಗೆ ಅದು ಓದಲು ಬರುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಚೀಟಿ ದೇವರ ಪಟದ ಹಿಂದೆ ಹೋಗಿ ಕೂರುತ್ತದೆ.

"ಇಷ್ಟು ವರ್ಷ ಇಲ್ಲೇ ಇದ್ದಾರೆ, ತಮಿಳು ಅರ್ಥವಾಗಲ್ವಾ?" ಅಂತ ಕೇಳುತ್ತಾರೆ. ಸಂತೆಯ ತಮಿಳು, ಬಸ್ಸಿನ ತಮಿಳು ಎಲ್ಲರಿಗೂ ಬರುತ್ತದೆ. ಮೈಯ ಭಾಗಗಳ ತಮಿಳು ಬೇರೆ. ತಮಿಳಿನಲ್ಲಿ 'ತೋಳ್' ಅಂದರೆ ಭುಜ, ಹೆಗಲು. ಕನ್ನಡದ 'ತೋಳು' ಅಂದರೆ ಭುಜದಿಂದ ಕೆಳಗಿನ ಕೈ. ತೋಳ್ ವ್ಯಾಯಾಮ ಅಂತ ಕೇಳಿಸಿಕೊಂಡು ಬಂದವರು ಭುಜದ ಕೀಲನ್ನು ಅಲುಗಿಸದೆ ಮೊಣಕೈಯನ್ನೇ ಮಡಚಿ ಬಿಡಿಸುತ್ತ ಕೂತರೆ ತಪ್ಪು ಯಾರದು? 'ಇಡುಪ್ಪು', 'ಮುದುಗು', 'ಕಣುಕ್ಕಾಲ್', 'ಕುದಿಕಾಲ್' ಇವೆಲ್ಲ ನಮ್ಮ ಸೊಂಟ, ಬೆನ್ನು, ಕಾಲಿನ ಗಿಣ್ಣು, ಹಿಮ್ಮಡಿಗಳಿಗೆ ಹತ್ತಿರದ ಪದಗಳೇ ಅಲ್ಲ. 'ಕಾಲೈ' ಅಂದರೆ ಬೆಳಿಗ್ಗೆಯೂ ಹೌದು, ಕಾಲನ್ನು ಎಂದೂ ಹೌದು! ಸಂತೆಯಲ್ಲಿ ಒಂದು ಪದ ತಪ್ಪಾದರೆ ಒಂದು ರೂಪಾಯಿ ಹೋಗುತ್ತದೆ, ಇಲ್ಲಿ ಭುಜವೇ ಹೋಗುತ್ತದೆ. ಲಕ್ವ ಹೊಡೆದವರ ವಿಷಯದಲ್ಲಂತೂ ಇನ್ನೂ ಸೂಕ್ಷ್ಮ. ಮಾತು ಬಿದ್ದುಹೋದ ಮೇಲೆ ಎರಡು ಭಾಷೆ ಬಲ್ಲವರಲ್ಲಿ ಎರಡೂ ಒಂದೇ ಅಳತೆಯಲ್ಲಿ ಮರಳಿ ಬರಬೇಕೆಂದೇನಿಲ್ಲ. ಆಗ ಮನೆಯ ಭಾಷೆಯಲ್ಲಿ ಹೇಳಿ ನೋಡದೆ "ಇವರಿಗೆ ಏನೂ ತಿಳಿಯೋದಿಲ್ಲ" ಅಂತ ತೀರ್ಮಾನ ಮಾಡುವುದು ಅನ್ಯಾಯ.

ಸರಿ, ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು? ಎಲ್ಲಕ್ಕಿಂತ ಮೊದಲು ರೋಗಿಗೆ ಈಗ ಕಷ್ಟವಾಗಿರುವ ಮೂರು ಕೆಲಸ. 1995ರಲ್ಲಿ ಕೆನಡಾದ ಫಿಸಿಯೋಥೆರಪಿ ಸಂಶೋಧಕರು ಇದನ್ನೇ ಒಂದು ಅಳತೆಗೋಲಾಗಿ ಪ್ರಕಟಿಸಿದರು. ರೋಗಿಯೇ ತನಗೆ ಮುಖ್ಯವಾದ ಮೂರರಿಂದ ಐದು ಕೆಲಸ ಆರಿಸಿ, ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟುಕೊಳ್ಳುವುದು. ಸೊನ್ನೆ ಅಂದರೆ ಆಗೋದೇ ಇಲ್ಲ, ಹತ್ತು ಅಂದರೆ ಮೊದಲಿನ ಹಾಗೇ ಆಗುತ್ತದೆ. ಮೇಷ್ಟ್ರುಗಳಾದ ನಮಗೆ ಅಂಕ ಹಾಕುವುದೆಂದರೆ ಹೇಗೂ ಇಷ್ಟ! ಆದರೆ ಇಲ್ಲಿ ಅಂಕ ಹಾಕಬೇಕಾದವರು ರೋಗಿಯೇ. "ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ" ಅನ್ನುವುದು ಥೆರಪಿಸ್ಟರ ಲೆಕ್ಕ. ನಮ್ಮ ಅಜ್ಜಿಯ ಲೆಕ್ಕ ಬೇರೆ: ಟೌನ್ ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು, ಹಸುವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವುದು, ತಲೆಯ ಹಿಂದೆ ಕೈ ಕೊಂಡುಹೋಗಿ ತುರುಬು ಕಟ್ಟಿಕೊಳ್ಳುವುದು. ನೇಕಾರರಾದರೆ ಮಗ್ಗದ ಗುಂಡಿಗೆ ಇಳಿದು ಹತ್ತುವುದು. ಇವನ್ನು ಅವರ ಮಾತಿನಲ್ಲೇ ಬರೆದು, ಪ್ರತಿ ಭಾನುವಾರ ಅಂಕ ಹಾಕಿಸಿ. ನೋವು ಅಷ್ಟೇ ಇದ್ದರೂ ಬಸ್ಸಿನ ಮೆಟ್ಟಿಲು ಎರಡರಿಂದ ನಾಲ್ಕಕ್ಕೆ ಬಂದಿದ್ದರೆ ಅದನ್ನು ನೋಡಿ ಮನಸ್ಸಿಗೆ ಬರುವ ಧೈರ್ಯವೇ ಬೇರೆ. ಆ ಧೈರ್ಯ ಇಲ್ಲದೆಯೇ ಎಷ್ಟೋ ಜನ ನಾಲ್ಕನೇ ವಾರದಲ್ಲಿ ವ್ಯಾಯಾಮ ಬಿಡುತ್ತಾರೆ.

ನೋವಿಗೂ ಸೊನ್ನೆಯಿಂದ ಹತ್ತರ ಅಳತೆ ಇದೆ, ಆದರೆ ಅದು ತಲೆಕೆಳಗು. ಅಲ್ಲಿ ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ ನೋವು. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಗೊಂದಲವಾಗುತ್ತದೆ. ಕೆಲಸದ ಅಂಕ ಎಡಗಡೆ ಪುಟಕ್ಕೆ, ನೋವಿನದು ಬಲಗಡೆ ಪುಟಕ್ಕೆ ಇರಲಿ. ನೋವಿನ ಪುಟದಲ್ಲಿ ವ್ಯಾಯಾಮಕ್ಕೆ ಮೊದಲು ಎಷ್ಟಿತ್ತು, ಮಾಡಿದ ಮೇಲೆ ಎಷ್ಟಾಯಿತು, ಮಾರನೇ ದಿನ ಬೆಳಿಗ್ಗೆ ಎಷ್ಟಿದೆ ಅನ್ನುವ ಮೂರು ಸಂಖ್ಯೆ ಸಾಕು. ಮಾಡುವಾಗ ಸ್ವಲ್ಪ ಎಳೆದಂತಾಗಿ ಸಂಜೆಗೆ ಸರಿಹೋದರೆ ಹೆದರಬೇಕಿಲ್ಲ. ಮಾರನೇ ದಿನ ಬೆಳಿಗ್ಗೆಯೂ ಜಾಸ್ತಿಯೇ ಇದ್ದರೆ ಸಂಖ್ಯೆ ಕಡಿಮೆ ಮಾಡಿ, ಥೆರಪಿಸ್ಟರನ್ನು ಕೇಳಬೇಕು. ಪೂರ್ತಿ ಬಿಟ್ಟುಬಿಡುವುದಲ್ಲ. ನಮ್ಮ ಜನ ಹತ್ತು ದಿನದ್ದನ್ನು ಒಂದೇ ದಿನ ಮಾಡಿ, ಆಮೇಲೆ ಹತ್ತು ದಿನ ಮಲಗುತ್ತಾರೆ. ಹೊಲದ ಕೆಲಸವನ್ನೂ ಹಾಗೆಯೇ ಮಾಡಿ ರೂಢಿ, ಏನು ಮಾಡೋದು. ಇನ್ನು, ಮೀನಖಂಡ ಊದಿ ಬಿಸಿಯಾಗಿ ನೋಯುವುದು, ಎದೆನೋವು, ಉಸಿರುಕಟ್ಟುವುದು, ಜ್ವರ, ಹೊಸದಾಗಿ ಕಾಲು ಮರಗಟ್ಟುವುದು, ಮೂತ್ರ ಹಿಡಿತ ತಪ್ಪುವುದು ಕಂಡರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಸೀದಾ ಜಿ.ಎಚ್.ಗೆ ಹೋಗಬೇಕು. ಈ ಸಾಲನ್ನು ಒಳರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ಬರೆಯುವುದು ಒಳ್ಳೆಯದು.

ಇನ್ನು ಸಾಮಾನು. ಅಂಗಡಿಯಲ್ಲಿ ಮಾರುವ ಅರ್ಧಕ್ಕರ್ಧ ಸಾಮಾನು ಮನೆಯಲ್ಲೇ ಇದೆ. ಅರ್ಧ ಲೀಟರ್ ಬಾಟಲಿಗೆ ನೀರು ತುಂಬಿದರೆ ಅರ್ಧ ಕೆ.ಜಿ. ತೂಕ, ಒಂದು ಲೀಟರಿನದಾದರೆ ಒಂದು ಕೆ.ಜಿ. ಟವೆಲ್ ಸುರುಳಿ ಸುತ್ತಿ, ಚಾಚಿದ ಕಾಲಿನ ಮಂಡಿಯ ಕೆಳಗಿಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು ಮಂಡಿನೋವಿನವರ ತೊಡೆಯ ಸ್ನಾಯುವಿಗೆ ಒಳ್ಳೆಯ ವ್ಯಾಯಾಮ. ಆದರೆ ಮಂಡಿ ಆಪರೇಷನ್ ಆದವರು ಅದೇ ಸುರುಳಿಯನ್ನೋ ದಿಂಬನ್ನೋ ಮಂಡಿ ಕೆಳಗೆ ಇಟ್ಟುಕೊಂಡು ರಾತ್ರಿಯೆಲ್ಲ ಮಲಗಬಾರದು. ಹಿತವಾಗಿರುತ್ತದೆ ನಿಜ, ಆದರೆ ಮಂಡಿ ಮಡಚಿದಂತೆಯೇ ನಿಂತುಹೋಗುತ್ತದೆ, ನೇರವಾಗುವುದಿಲ್ಲ. ಭುಜ ಹಿಡಿದುಕೊಂಡವರಿಗೆ (ಸಕ್ಕರೆ ಕಾಯಿಲೆಯವರಲ್ಲಿ ಇದು ಜಾಸ್ತಿ) ಗೋಡೆಯೇ ಸಾಕು. ಬೆರಳುಗಳನ್ನು ಗೋಡೆಯ ಮೇಲೆ ಜೇಡದ ಹಾಗೆ ಮೇಲಕ್ಕೆ ನಡೆಸುತ್ತ ಹೋಗಿ, ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಸೀಮೆಸುಣ್ಣ ನಮ್ಮಲ್ಲಿ ಧಾರಾಳವಾಗಿದೆ. ಒಂದು ತಿಂಗಳಲ್ಲಿ ಗೆರೆಗಳು ನಾಲ್ಕು ಬೆರಳು ಮೇಲೇರಿದ್ದು ಕಂಡರೆ ಯಾವ ರಿಪೋರ್ಟೂ ಬೇಡ.

ಕುರ್ಚಿಯಿಂದ ಏಳುವ ಲೆಕ್ಕವೂ ಹೀಗೆಯೇ. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸುವುದು. ಅಮೆರಿಕದಲ್ಲಿ 1999ರಲ್ಲಿ ವಯಸ್ಸಾದವರಿಗೆಂದು ಪ್ರಕಟವಾದ ಪರೀಕ್ಷೆ ಇದು. ಐದನೇ ತರಗತಿಯ ಹುಡುಗ ಗಡಿಯಾರ ನೋಡಿ ಎಣಿಸಬಲ್ಲ, ಬೀಳದಂತೆ ಪಕ್ಕದಲ್ಲಿ ಒಬ್ಬ ದೊಡ್ಡವರು ನಿಂತಿರಬೇಕು ಅಷ್ಟೇ.

ಊರುಗೋಲಿನ ವಿಷಯದಲ್ಲಿ ಹತ್ತರಲ್ಲಿ ಎಂಟು ಜನ ತಪ್ಪು ಮಾಡುತ್ತಾರೆಂದು ನಮ್ಮ ಅಂದಾಜು. ಬಲ ಮಂಡಿ ನೋವಾದರೆ ಕೋಲು ಎಡಗೈಯಲ್ಲಿರಬೇಕು. ನೋವಿರುವ ಕಡೆಯೇ ಹಿಡಿಯಬೇಕು ಅಂತ ಮನಸ್ಸು ಹೇಳುತ್ತದೆ, ಸಿನಿಮಾದ ಮುದುಕರೂ ಹಾಗೆಯೇ ಹಿಡಿದಿರುತ್ತಾರೆ. ಎದುರು ಕೈಯಲ್ಲಿ ಹಿಡಿದು, ನೋವಿನ ಕಾಲಿನ ಜೊತೆಯಲ್ಲೇ ಕೋಲನ್ನೂ ಮುಂದಿಟ್ಟರೆ ಆ ಕಾಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅದೇ ಕೋಲಿನ ಎತ್ತರ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇಷ್ಟನ್ನು ಮಕ್ಕಳಿಗೆ ಒಂದು ಪಿ.ಟಿ. ಪೀರಿಯಡ್ಡಿನಲ್ಲಿ ಹೇಳಿಕೊಟ್ಟರೆ ಸಂಜೆಯೇ ಊರಿನ ಅಷ್ಟೂ ಕೋಲು ಕೈ ಬದಲಾಯಿಸುತ್ತದೆ.

ಹಗ್ಗದ ಉಪಾಯವೊಂದಿದೆ, ಅದನ್ನು ಬೇಕೆಂದೇ ಕೊನೆಗಿಟ್ಟೆವು. ತೊಲೆಗೋ ರಾಟೆಗೋ ಹಗ್ಗ ಹಾಕಿ, ಒಳ್ಳೆಯ ಕೈಯಿಂದ ಒಂದು ತುದಿ ಎಳೆದು ನೋವಿನ ಕೈಯನ್ನು ಮೇಲೆತ್ತುವುದು. ಬಿಗಿದುಕೊಂಡ ಭುಜದವರಿಗೆ ಥೆರಪಿಸ್ಟರು ಇದನ್ನು ಹೇಳಿಕೊಡುವುದುಂಟು. ಅದನ್ನು ನೋಡಿದ ಪಕ್ಕದ ಮನೆಯವರು ಲಕ್ವ ಹೊಡೆದ ತಮ್ಮ ತಂದೆಗೂ ಹಗ್ಗ ಕಟ್ಟುತ್ತಾರೆ. ಅಲ್ಲಿ ಅದು ಕೆಡುಕು. ಬಲವಿಲ್ಲದ ಭುಜದ ಕೀಲನ್ನು ಸ್ನಾಯುಗಳು ಹಿಡಿದಿರುವುದಿಲ್ಲ. ಹಗ್ಗದಲ್ಲಿ ಮೇಲಕ್ಕೆಳೆದರೆ ಒಳಗೆ ಗಾಯವಾಗಿ ನೋವು ಶುರುವಾಗುತ್ತದೆ, ಆಮೇಲೆ ಅವರು ಯಾರಿಗೂ ಕೈ ಮುಟ್ಟಗೊಡುವುದಿಲ್ಲ. ಅಂಥವರನ್ನು ಹಾಸಿಗೆಯಿಂದ ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆಯುವುದೂ ಕೂಡದು. ಒಂದೇ ಹಗ್ಗ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ವಿಷ. ಅದಕ್ಕೇ ನಾವು 'ತನಗಾಗಿಯೇ ಬರೆದ' ನೋಟ್‌ಬುಕ್ಕು ಎಂದದ್ದು. ಫೋನಿನಲ್ಲಿ ಬರುವ ವಿಡಿಯೋ ನೋಡಿ, ಪಕ್ಕದ ಮನೆಯವರದು ನೋಡಿ ಮಾಡುವ ವ್ಯಾಯಾಮಕ್ಕೂ ಇದೇ ಮಾತು. ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದವರದು ಇನ್ನೊಂದು ತೆರ. ಕಟ್ಟು ಬಿಚ್ಚುವವರೆಗೂ ಬೆರಳನ್ನೂ ಅಲುಗಿಸದೆ ಕೂತಿರುತ್ತಾರೆ, ಅಲುಗಿಸಬಹುದೇ ಅಂತ ಕೇಳುವುದೂ ಇಲ್ಲ.

ಲಕ್ವದವರ ಮನೆಯಲ್ಲಿ ಕಾಣುವ ಇನ್ನೊಂದು ತೊಂದರೆ ಪ್ರೀತಿಯದು. ಅನ್ನ ಕಲಸಿ ತಿನ್ನಿಸುತ್ತಾರೆ, ಗುಂಡಿ ಹಾಕುತ್ತಾರೆ, ನೀರಿನ ಲೋಟ ಬಾಯಿಗೇ ಹಿಡಿಯುತ್ತಾರೆ. ಬಿದ್ದ ಕೈಗೆ ಕೆಲಸವೇ ಇಲ್ಲದಂತಾಗುತ್ತದೆ. ಮಿದುಳು ಮತ್ತೆ ಕಲಿಯುವುದು ಮಾಡಿ ಮಾಡಿಯೇ, ಮಗು ಅಕ್ಷರ ತಿದ್ದಿ ತಿದ್ದಿ ಕಲಿಯುವ ಹಾಗೆ. ಲೋಟ ಹಿಡಿಯಲಾಗದಿದ್ದರೂ ಬಿದ್ದ ಕೈಯನ್ನು ಲೋಟದ ಪಕ್ಕ, ಕಣ್ಣಿಗೆ ಕಾಣುವಂತೆ ಇಟ್ಟಿರಲಿ. ಚೆಲ್ಲಿದರೆ ಚೆಲ್ಲಲಿ, ಒರೆಸಿದರಾಯಿತು. ಪೂರ್ತಿ ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದನ್ನೂ ನೋಟ್‌ಬುಕ್ಕಿನಲ್ಲಿ ಗಂಟೆ ಹಾಕಿ ಬರೆಯಬೇಕು. ಬರೆಯದಿದ್ದರೆ ಸೊಸೆ ಮಗ ಮಾಡಿದ್ದಾನೆ ಅಂದುಕೊಳ್ಳುತ್ತಾಳೆ, ಮಗ ಸೊಸೆ ಮಾಡಿದ್ದಾಳೆ ಅಂದುಕೊಳ್ಳುತ್ತಾನೆ. ಬೆನ್ನಿಗೆ ಹುಣ್ಣಾಗುತ್ತದೆ.

ಈಗ ಶಾಲೆಯ ಪಾತ್ರ. 2006ರ ತಮಿಳು ಕಲಿಕೆ ಕಾಯ್ದೆಯಿಂದ ನಮ್ಮ ಮಕ್ಕಳು ಒಂದನೇ ತರಗತಿಯಿಂದ ತಮಿಳು ಓದುತ್ತಿದ್ದಾರೆ. ಆ ಕಾಯ್ದೆಯಿಂದ ಕನ್ನಡಕ್ಕಾದ ತೊಂದರೆಯ ಬಗ್ಗೆ ನಮಗಿರುವ ಅಸಮಾಧಾನ ಹಾಗೆಯೇ ಇದೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ಇವತ್ತು ಎಷ್ಟೋ ಮನೆಗಳಲ್ಲಿ ಆ ತಮಿಳು ಚೀಟಿಯನ್ನು ಓದಿ ಕನ್ನಡದಲ್ಲಿ ಬರೆಯಬಲ್ಲವರು ಹನ್ನೆರಡು-ಹದಿಮೂರು ವರ್ಷದ ನಮ್ಮ ವಿದ್ಯಾರ್ಥಿಗಳು ಮಾತ್ರ. ಅಪ್ಪನಿಗೆ ಕನ್ನಡ ಬರುತ್ತದೆ ತಮಿಳು ಓದಲು ಬರುವುದಿಲ್ಲ, ಥೆರಪಿಸ್ಟರಿಗೆ ಅದರ ತಿರುವುಮುರುವು. ಎರಡೂ ಬಲ್ಲ ಮಗುವಿನ ಕೈಯಲ್ಲಿ ಒಂದು ಚೀಟಿ ಬರೆಸಿ, ಮೇಷ್ಟ್ರು ಒಮ್ಮೆ ತಿದ್ದಿದರೆ ಭಾಷಾಂತರದ ಪಾಠವೂ ಆಯಿತು. ತಿದ್ದಿದ ಪ್ರತಿಯನ್ನು ಮುಂದಿನ ಭೇಟಿಯಲ್ಲಿ ಮಗುವೇ ಥೆರಪಿಸ್ಟರಿಗೆ ತಮಿಳಿನಲ್ಲಿ ಓದಿ ಹೇಳಬೇಕು. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕೇಳಬೇಕಾದ ಪ್ರಶ್ನೆ ನಾಲ್ಕೇ: ಎತ್ತನೈ ತಡವೈ, ಅಂದರೆ ಎಷ್ಟು ಸಲ; ದಿನಕ್ಕೆ ಎಷ್ಟು ಹೊತ್ತು; ಎಲ್ಲಿ ಎಳೆದಂತಾಗಬೇಕು; ಯಾವಾಗ ನಿಲ್ಲಿಸಬೇಕು. ಆಮೇಲೆ ಅಜ್ಜಿ ಅವರ ಮುಂದೆಯೇ ಒಮ್ಮೆ ಮಾಡಿ ತೋರಿಸಬೇಕು. "ಅರ್ಥವಾಯಿತಾ?" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ತರಗತಿಯಲ್ಲಿ ನಾವು ದಿನಾ ನೋಡುವುದಿಲ್ಲವೇ!

ಓದದವರಿಂದ ಇಂಥದ್ದೆಲ್ಲ ಆಗುತ್ತದೆಯೇ ಅನ್ನುವವರಿಗೆ ಒಂದು ಉದಾಹರಣೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬುವರು 1970ರ ದಶಕದ ಕೊನೆಯಲ್ಲಿ ಕೀಲುನೋವಿನವರಿಗಾಗಿ ಆರು ವಾರದ ತರಗತಿ ಶುರುಮಾಡಿದರು. ಪಾಠ ಹೇಳುತ್ತಿದ್ದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಅವರಲ್ಲಿ ಹಲವರು ತಾವೇ ಕೀಲುನೋವಿನವರು. ತನ್ನಿಂದ ಆಗುತ್ತದೆ ಅನ್ನುವ ನಂಬಿಕೆ ಬೆಳೆದವರಲ್ಲೇ ನೋವೂ ಹೆಚ್ಚು ಕಡಿಮೆಯಾದದ್ದು ಅವರಿಗೆ ಕಂಡುಬಂತು. ಅಲ್ಲಿ ಆದದ್ದು ನಮ್ಮ ಶಾಲೆಯ ಜಗಲಿಯಲ್ಲಿ ತಿಂಗಳಿಗೊಂದು ಶನಿವಾರ ಆಗಬಾರದೇಕೆ? ಮಂಡಿನೋವಿನ ಹತ್ತು ಜನ ತಮ್ಮ ನೋಟ್‌ಬುಕ್ ತಂದು ಕೂತು ಅಂಕ ಓದಿ ಹೇಳಿದರೂ ಸಾಕು.

ಒಂದು ಎಚ್ಚರ ಮಾತ್ರ ನಾವು ಕಟ್ಟುನಿಟ್ಟಾಗಿ ಹೇಳುತ್ತೇವೆ. ಮಗು ಚೀಟಿ ಓದಲಿ, ಎಣಿಸಲಿ, ಗೆರೆ ಹಾಕಲಿ, ಸಂಜೆ ಕಾಲು ಗಂಟೆ. ಅಜ್ಜಿಯನ್ನು ನೋಡಿಕೊಳ್ಳಲೆಂದು ಹೆಣ್ಣುಮಗಳನ್ನು ಶಾಲೆ ಬಿಡಿಸುವುದು ಬೇಡ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಹಾಜರಿ ಪುಸ್ತಕದಲ್ಲಿ ಮೊದಲು ಗೈರುಹಾಜರಿ ಬೀಳುವುದು ಏಳನೇ ಎಂಟನೇ ತರಗತಿಯ ಹುಡುಗಿಯರಿಗೆ. ಹುಡುಗರಿಗೆ ಬೀಳುವುದಿಲ್ಲ! ಆ ಮನೆಯ ಅಜ್ಜಿ ತನ್ನಷ್ಟಕ್ಕೆ ಎದ್ದು ಬಚ್ಚಲಿಗೆ ಹೋಗುವಂತಾದರೆ ಆ ಹುಡುಗಿ ಶಾಲೆಗೆ ಬರುತ್ತಾಳೆ. ಫಿಸಿಯೋಥೆರಪಿ ನಮ್ಮ ಶಾಲೆಗೆ ಸಂಬಂಧಿಸಿದ ವಿಷಯವೇ ಅಲ್ಲ ಅನ್ನುವ ಸಹೋದ್ಯೋಗಿಗಳಿಗೆ ಹಾಜರಿ ಪುಸ್ತಕವನ್ನೇ ತೋರಿಸಬಹುದು.

ಸೇಲಂ ಕಡೆಯ ನೇಕಾರರ ಮನೆಗಳಿಗೆ ಮಾತ್ರ ಕನ್ನಡ ಲಿಪಿಯ ನೋಟ್‌ಬುಕ್ ಉಪಯೋಗವಿಲ್ಲ. ಅಲ್ಲಿ ಕನ್ನಡ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ. ಅವರಿಗೆ ಫೋನಿನಲ್ಲಿ ಧ್ವನಿ ಮುದ್ರಿಸಿಕೊಡುವುದೇ ಸರಿ, ಅದೂ ಅವರ ಮನೆಯ ಕನ್ನಡದಲ್ಲಿ, ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಲ್ಲ. "ಬಲ ಮೊಣಕಾಲನ್ನು ಪ್ರಸರಿಸಿ" ಅಂದರೆ ಯಾರಿಗೂ ತಿಳಿಯದು. ಜೊತೆಗೆ ಒಂದು ಕಡ್ಡಿ ಗೊಂಬೆಯ ಚಿತ್ರ ಇರಲಿ, ಯಾವ ಕೀಲು ಅಲುಗಬೇಕೋ ಅದಕ್ಕೆ ಕೆಂಪು ಚುಕ್ಕೆ.

ಇದಕ್ಕೆಲ್ಲ ಮೊದಲು ಒಂದು ಪದಪಟ್ಟಿ ಬೇಕು, ಅದನ್ನು ನಾವು ಆರಂಭಿಸಿದ್ದೇವೆ. ಒಂದು ಕಡೆ ಥೆರಪಿಸ್ಟರು ಹೇಳುವ ತಮಿಳು ಪದ, ಇನ್ನೊಂದು ಕಡೆ ನಮ್ಮ ಊರಿನವರು ಆಡುವ ಪದ. ತೋಳ್, ಹೆಗಲು. ಮುದುಗು, ಬೆನ್ನು. ನೀಟ್ಟು, ಚಾಚು. ಮಡಕ್ಕು, ಮಡಚು. ಕಣುಕ್ಕಾಲ್ ಹತ್ತಿರ ಬಂದು ನಿಂತಿದ್ದೇವೆ. ಕೆಲವರು ಗಿಣ್ಣು ಅನ್ನುತ್ತಾರೆ, ಕೆಲವರು ಹರಡು ಅನ್ನುತ್ತಾರೆ, ಪುಸ್ತಕ ಓದಿದವರು ಪಾದದ ಕೀಲು ಅನ್ನುತ್ತಾರೆ. ನಿಮ್ಮ ಊರಿನಲ್ಲಿ ಏನನ್ನುತ್ತಾರೋ ನಿಮ್ಮ ಅಜ್ಜಿಯನ್ನೇ ಕೇಳಿ ತಿಳಿಸಿ, ಪಟ್ಟಿಯಲ್ಲಿ ಎಲ್ಲಕ್ಕೂ ಜಾಗ ಬಿಟ್ಟಿದ್ದೇವೆ.